ಕೆಳಗಿನ ಎಲೆ ಮೊದಲು ಯಾಕೆ ಹಳದಿ?

“ಆ ಕೈಯಲ್ಲಿ ಸೀಮೆಸುಣ್ಣ ಮುಟ್ಟಬೇಡ. ಬೋರ್ಡೆಲ್ಲ ಅಂಟಾಗುತ್ತೆ,” ಎಂದರು ಪೆಂಚೇವ್ ಮೇಷ್ಟ್ರು.

ಸಾನಿಯೆ ತನ್ನ ಕೈ ನೋಡಿಕೊಂಡಳು. ಶನಿವಾರ, ಭಾನುವಾರ ಊರಿಗೆ ಹೋಗಿ ಕೊನೆಯ ಸುತ್ತಿನ ಹೊಗೆಸೊಪ್ಪು ಪೋಣಿಸಿ ಬಂದಿದ್ದಳು. ಹಸಿ ಟೊಮೆಟೊ ಹಿಚುಕಿ ಉಜ್ಜಿದರೆ ಸೊಪ್ಪಿನ ಅಂಟು ಬಿಡುತ್ತದೆ, ಬೆರಳ ಸಂದಿಯ ಕಪ್ಪು ಮಾತ್ರ ಬಿಡುವುದಿಲ್ಲ. ನನ್ನ ಕೈಯೂ ಹಾಗೇ ಇತ್ತು. ನಾನು ಅದನ್ನು ಜೇಬಿಗೆ ತುರುಕಿಕೊಂಡೆ.

“ತೊಳ್ದಿದೀನಿ ಮೇಷ್ಟ್ರೆ,” ಎಂದಳು ಸಾನಿಯೆ.

“ಹಂಗಾದ್ರೆ ಅದು ನಿಮ್ಮ ಜನದ ಬಣ್ಣವೇ ಇರಬೇಕು ಬಿಡು,” ಎಂದು ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕರು. ಹಿಂದೆ ನಿಂತಿದ್ದ ಅವರ ಅಕ್ಕನ ಮಗ ಪ್ಲಾಮೆನ್ ಒಂದು ಗಳಿಗೆ ತಡವಾಗಿ ನಕ್ಕ. ಅವನಿಗೆ ಎಲ್ಲವೂ ಒಂದು ಗಳಿಗೆ ತಡವಾಗಿಯೇ ತಿಳಿಯುವುದು.

ಸಾನಿಯೆಯೂ ನಾನೂ ರೊಡೋಪಿ ಬೆಟ್ಟದ ಮೇಲಿನ ತುರ್ಕಿ ಮಾತಿನವರು. ನಮ್ಮ ಅಪ್ಪಂದಿರು ಹೊಗೆಸೊಪ್ಪಿನ ಕೂಲಿಗಳು. ಕೃಷಿ ಕಾಲೇಜು ಕೆಳಗೆ ಬಯಲಿನಲ್ಲಿತ್ತು. ಪೆಂಚೇವ್ ಮೇಷ್ಟ್ರ ಬೆಳೆಶಾಸ್ತ್ರದಲ್ಲಿ ವರ್ಷಾವರ್ಷ ಅರ್ಧಕ್ಕರ್ಧ ಹುಡುಗರು ಫೇಲಾಗುತ್ತಿದ್ದರು. ಮೇಷ್ಟ್ರು ತಾವೇ ಬರೆದ ಪುಸ್ತಕವನ್ನು ತಾವೇ ಓದಿ, ತಾವೇ ತಲೆದೂಗಿ ಹೋಗುತ್ತಿದ್ದರು. ಹಾಗಾಗಿ ಎರಡು ವರ್ಷ ಹಿರಿಯಳಾದ ಸಾನಿಯೆ ಪ್ರತಿ ಮಂಗಳವಾರ ನೆಲಮಾಳಿಗೆಯ ಕೋಣೆಯಲ್ಲಿ ನಮ್ಮನ್ನು ಸುತ್ತ ಕೂರಿಸಿಕೊಂಡು ಓದಿನ ಕೂಟ ನಡೆಸುತ್ತಿದ್ದಳು. ಅದಕ್ಕೆ ಕಾಲೇಜು ಅವಳಿಗೆ ಕೊಟ್ಟದ್ದು ಹಾಸ್ಟೆಲಿನಲ್ಲಿ ಒಂದು ಹಾಸಿಗೆ. ಹಾಸಿಗೆ ಹೋದರೆ ಕಾಲೇಜೂ ಹೋಯಿತು. ಮತ್ತೆ ಬೆಟ್ಟ, ಮತ್ತೆ ಸೊಪ್ಪು ಪೋಣಿಸುವ ಸೂಜಿ.

ಕೂಟದ ನಿಯಮ ಒಂದೇ. ಉತ್ತರ ಗೊತ್ತಿದ್ದವರು ಹೇಳಬಾರದು, ಕೇಳಬೇಕು. ಇದು ಸಾನಿಯೆಯ ಅಜ್ಜಿಯ ಪಾಠ. ಆ ಮುದುಕಿ ಸೊಪ್ಪು ಪೋಣಿಸುವುದನ್ನು ಯಾರಿಗೂ ಹೇಳಿಕೊಟ್ಟವಳಲ್ಲ. ತಪ್ಪು ಪೋಣಿಸಿದವರ ದಾರ ಎಳೆದು, ಎಲೆಯನ್ನೆಲ್ಲ ಅವರ ಮಡಿಲಿಗೇ ಸುರಿದು, “ಯಾಕೆ ಬಿತ್ತು?” ಎಂದಷ್ಟೇ ಕೇಳುವಳು. ಮೊದಮೊದಲು ಕೂಟದಲ್ಲಿ ನಮಗೆ ಅಳು ಬರುತ್ತಿತ್ತು. ಆಮೇಲೆ ಚಟವಾಯಿತು. ಕ್ಯಾಂಟೀನಿನಲ್ಲಿ ಸೂಪು ಮುಗಿದಿದೆ ಎಂದರೂ “ಯಾಕೆ?” ಎನ್ನುವಷ್ಟು ಕೆಟ್ಟಿದ್ದೆವು. ಕುರಿ ಕಾಯುವವರ ಮಗ ಝಿವ್ಕೋ ಒಬ್ಬನೇ ಸುಮ್ಮನಿರುತ್ತಿದ್ದ. ಎರಡು ಸಲ ಫೇಲಾಗಿದ್ದ. ಮಾತಾಡಿದರೆ ಎಲ್ಲೋ ಕುರಿ ಬೆದರುತ್ತವೆ ಎಂಬಂತೆ ಬಾಯಿ ಬಿಗಿದು ಕೂರುವನು.

ಮೇಷ್ಟ್ರು ಆ ದಿನ ನೆಲಮಾಳಿಗೆಗೆ ಇಳಿದು ಬಂದದ್ದೇ ಒಂದು ಸೋಜಿಗ. ಜೊತೆಗೆ ಒಂದು ಪೋಸ್ಟರೂ ಬಂದಿತ್ತು. ಅದರಲ್ಲಿ ಅವರದೇ ಫೋಟೋ, ಕೆಳಗೆ, “ವಿದ್ಯಾರ್ಥಿಗಳಿಂದ ವಿದ್ಯಾರ್ಥಿಗಳಿಗೆ: ಪೆಂಚೇವ್ ಪದ್ಧತಿ. ಇಲ್ಲಿ ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇವೆ.”

“ಗುರುವಾರ ರಾಜಧಾನಿಯಿಂದ ಅಧಿಕಾರಿ ಬರ್ತಾರೆ,” ಎಂದರು. “ಕೂಟ ಪ್ಲಾಮೆನ್ ನಡೆಸ್ತಾನೆ. ನೋಡೋಕೆ ಲಕ್ಷಣವಾಗಿದಾನೆ.”

“ಅವನು ಕೂಟಕ್ಕೆ ಬಂದಿರೋದು ಒಂದೇ ಸಲ ಮೇಷ್ಟ್ರೆ,” ಎಂದೆ ನಾನು. “ಅದೂ ಫೋನ್ ಚಾರ್ಜಿಗೆ ಹಾಕೋಕೆ.”

“ನಿನ್ನ ಹೆಸರೇನೋ?”

“ಸಬ್ರಿ.”

“ಸಬ್ರಿ, ಮುಂದಿನ ಪರೀಕ್ಷೇಲಿ ಮೊದಲು ನಿನ್ನೇ ಕರೀತೀನಿ.” ಆಮೇಲೆ ಸಾನಿಯೆಯ ಕಡೆ ತಿರುಗಿದರು. “ನೀನು ಕಾಫಿ ಕೊಡು. ಪ್ರಯೋಗಾಲಯದಲ್ಲಿ ಬಿಳಿ ಕೈಗವಸು ಇದಾವೆ, ಹಾಕ್ಕೊ. ಹಾಸಿಗೆ ನೆನಪಿರಲಿ.”

ಅವರು ಮೆಟ್ಟಿಲು ಹತ್ತಿದ ಮೇಲೆ ಮಿಂಕಾ ಬಾಯಿ ತೆರೆದಳು. ಮಿಂಕಾ ರೋಮಾ ಕೇರಿಯವಳು, ಪೇಟೆಯವರು ಜಿಪ್ಸಿ ಎಂದು ಹಂಗಿಸುವ ಜನ. ಅಪ್ಪ ಪೇಟೆಯ ರಸ್ತೆ ಗುಡಿಸುತ್ತಾನೆ.

“ಆ ಬೋಳಿಮಗನ ಕಾಫಿಗೆ ಉಗೀತೀನಿ ನೋಡ್ತಿರು.”

“ಯಾಕೆ ಉಗೀತೀಯೆ?” ಎಂದಳು ಸಾನಿಯೆ, ಅಭ್ಯಾಸಬಲದಿಂದ.

“ಥೂ, ನಿನ್ ಯಾಕೆಯ ಮನೆ ಹಾಳಾಗ! ಮುಖಕ್ಕೆ ಉಗಿಯೋಕಾಗಲ್ವಲ್ಲಕ್ಕ, ಅದಕ್ಕೆ!”

ಎಲ್ಲರೂ ನಕ್ಕೆವು. ಸಾನಿಯೆ ನಗಲಿಲ್ಲ. “ನಂಗೆ ಹಾಸಿಗೆ ಬೇಕು ಕಣ್ರೋ. ಇನ್ನೊಂದೇ ವರ್ಷ. ಗುರುವಾರ ಬಾಯಿ ಮುಚ್ಕೊಂಡು ಚಪ್ಪಾಳೆ ತಟ್ರಿ, ಸಾಕು. ಯಾರೂ ಏನೂ ಕೇಳ್ಕೂಡದು.”

ಯಾಕೆ ಎಂದು ಈ ಸಲ ಯಾರೂ ಕೇಳಲಿಲ್ಲ.

ಗುರುವಾರ ನಮ್ಮನ್ನು ನೆಲಮಾಳಿಗೆಯಿಂದ ಎತ್ತಿ ಮೇಲಿನ ಸಭಾಂಗಣಕ್ಕೆ ಹಾಕಿದರು. ಕಿಟಕಿಗೆ ಪರದೆ ಬಂದಿತ್ತು, ಮೇಜಿಗೆ ಹೂವು ಬಂದಿತ್ತು. ಅಧಿಕಾರಿ ನಡುವಯಸ್ಸಿನ ಹೆಂಗಸು; ಬಾನಿತ್ಸಾ ಎಂಬ ಪದರು ತಿಂಡಿಯ ಚೂರು ಮುರಿದು ತಿನ್ನುತ್ತಾ ಕೂತಿದ್ದರು, ತುಪ್ಪದ ಪದರು ಅವರ ಕೋಟಿನ ಮೇಲೆ ಉದುರುತ್ತಿತ್ತು. ಸಾನಿಯೆ ಬಿಳಿ ಕೈಗವಸು ತೊಟ್ಟು ಕಾಫಿ ತಟ್ಟೆ ಹಿಡಿದು ಗೋಡೆಗೆ ನಿಂತಿದ್ದಳು. ಮದುವೆ ಮನೆಗೆ ಕರೆಸಿದ ಬ್ಯಾಂಡಿನವಳ ಹಾಗೆ ಕಂಡಳು.

ಪ್ಲಾಮೆನ್ ತನ್ನ ಮಾವ ಬರೆದುಕೊಟ್ಟ ಚೀಟಿ ನೋಡಿ ಕೇಳಿದ: “ಹೊಗೆಸೊಪ್ಪಿನ ಗಿಡದಲ್ಲಿ ಕೆಳಗಿನ ಎಲೆ ಮೊದಲು ಹಳದಿಯಾಗುವುದು ಯಾಕೆ?” ಯಾರ ಬಾಯಿಂದಲೂ ಏನೂ ಬರುವ ಮೊದಲೇ ಚೀಟಿ ಮಗುಚಿ ತಾನೇ ಉತ್ತರ ಓದಿದ: “ಅದಕ್ಕೆ ವಯಸ್ಸಾಗಿರುವುದರಿಂದ.”

ನಾವು ಚಪ್ಪಾಳೆಗೆ ಕೈ ಎತ್ತಿದೆವು.

“ಯಾಕೆ?”

ಝಿವ್ಕೋನ ದನಿ. ವರ್ಷವಿಡೀ ಬಾರದಿದ್ದ ಮಾತು ಇವತ್ತೇ ಬರಬೇಕೆ! ಕೇಳಿದ ಅವನೇ ಬೆಚ್ಚಿ ಬಾಯಿಗೆ ಕೈ ಒತ್ತಿಕೊಂಡ. ಆದರೆ ಒಂದು ಕುರಿ ಹಳ್ಳ ಹಾರಿಯಾಗಿತ್ತು.

ಪ್ಲಾಮೆನ್ ಚೀಟಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಮೇಷ್ಟ್ರು ಎದ್ದರು. “ನೆರಳು. ಕೆಳಗಿನ ಎಲೆಗೆ ಬೆಳಕು ಸಾಲದು. ಅಷ್ಟೆ.”

“ಬಯಲಲ್ಲಿ ಒಂಟಿ ನಿಂತಿರೋ ಗಿಡಕ್ಕೂ ಹಂಗೇ ಆಯ್ತದಲ್ಲ ಮೇಷ್ಟ್ರೆ,” ಎಂದಳು ಮಿಂಕಾ. “ಅದಕ್ಕೆ ಯಾರಪ್ಪನ ನೆರಳು?”

“ಗೊಬ್ಬರ ಹಾಕಿದ್ರೆ ನಿಲ್ಲುತ್ತಲ್ಲ. ಗೊಬ್ಬರ ಏನು ಬೆಳಕು ಕೊಡುತ್ತಾ?” ಎಂದೆ ನಾನು. ಬೇಕೆಂದು ಕೇಳಿದ್ದಲ್ಲ, ತಡೆಯಲಾಗಲಿಲ್ಲ.

ಅಧಿಕಾರಿ ತಿನ್ನುವುದು ನಿಲ್ಲಿಸಿ ಮುಂದಕ್ಕೆ ಬಾಗಿದರು. “ಚೆನ್ನಾಗಿದೆ. ಹೌದು, ಯಾಕೆ?”

ಮೇಷ್ಟ್ರ ಹಣೆಯ ಮೇಲೆ ಬೆವರು ಸಾಲಾಗಿ ಮೂಡಿತು. ಇಪ್ಪತ್ತು ವರ್ಷ ಅವರ ಪುಸ್ತಕವನ್ನು ಯಾರೂ ಏನೂ ಕೇಳಿರಲಿಲ್ಲ. ಗೋಡೆಯ ಕಡೆ ತಿರುಗಿ, ಹಲ್ಲು ಕಚ್ಚಿ ಪಿಸುಗುಟ್ಟಿದರು: “ಏ ಸಾನಿಯೆ, ಹೇಳು.”

ಅವಳಿಗೆ ಗೊತ್ತಿತ್ತು. ಹೇಳಿಬಿಟ್ಟಿದ್ದರೆ ಹಾಸಿಗೆ ಉಳಿಯುತ್ತಿತ್ತು. ಅವಳು ತಟ್ಟೆ ಕೆಳಗಿಟ್ಟಳು. ಬಲಗೈಯ ಕೈಗವಸು ಬೆರಳು ಬೆರಳಾಗಿ ಎಳೆದು ತೆಗೆದು ತಟ್ಟೆಯಲ್ಲಿಟ್ಟಳು.

“ಕೂಟದಲ್ಲಿ ಉತ್ತರ ಹೇಳಂಗಿಲ್ಲ ಮೇಷ್ಟ್ರೆ. ನಿಮ್ಮ ಪದ್ಧತೀನೇ. ಪೋಸ್ಟರಲ್ಲಿ ಬರ್ದಿದೆ.” ಆಮೇಲೆ ಮಂಗಳವಾರದ ದನಿಯಲ್ಲೇ, ಝಿವ್ಕೋನನ್ನು ಕೇಳುವ ತಾಳ್ಮೆಯಲ್ಲೇ ಮೇಷ್ಟ್ರನ್ನು ಕೇಳಿದಳು: “ಅವಸರ ಇಲ್ಲ, ಯೋಚ್ನೆ ಮಾಡಿ. ಮೇಲಿನ ಎಲೆ ಯಾರದನ್ನ ತಿಂದು ಅಷ್ಟು ಹಸಿರಾಗಿದೆ?”

ಮೇಷ್ಟ್ರು ಯೋಚಿಸುತ್ತಿದ್ದರೋ, ಅವಳ ಹಾಸಿಗೆ ಮಡಚುತ್ತಿದ್ದರೋ ತಿಳಿಯಲಿಲ್ಲ.

“ಕೆಳಗಿನದರದ್ದು,” ಎಂದ ಝಿವ್ಕೋ ನಿಧಾನವಾಗಿ. “ಸಾರಜನಕ ಸಾಲದೆ ಬಂದ್ರೆ ಗಿಡ ಕೆಳಗಿನ ಎಲೆಯಿಂದ ಎಳ್ಕೊಂಡು ಮೇಲಕ್ಕೆ ಕೊಡ್ತದೆ. ಕೆಳಗಿಂದು ಬರಿದಾಯ್ತದೆ. ಅದಕ್ಕೇ ಹಳದಿ.”

ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು. “ಇದೇ ನೋಡಿ ನನ್ನ ಪದ್ಧತಿ!” ಎಂದು ಅಧಿಕಾರಿಯ ಕೈ ಕುಲುಕಿದರು. ಆಮೇಲೆ ಫೋಟೋ ಆಯಿತು. ನಡುವೆ ಮೇಷ್ಟ್ರು, ಬಲಕ್ಕೆ ಅಧಿಕಾರಿ, ಎಡಕ್ಕೆ ಪ್ಲಾಮೆನ್. ಝಿವ್ಕೋನನ್ನು ಕುರ್ಚಿ ಜರುಗಿಸಲು ಕಳಿಸಿದ್ದರು.

ಶುಕ್ರವಾರ ಬೆಳಿಗ್ಗೆ ಸಾನಿಯೆಯ ಹಾಸಿಗೆ ಹಾಸ್ಟೆಲಿನ ಬಾಗಿಲ ಹೊರಗೆ ಬಿದ್ದಿತ್ತು. ವಾರ್ಡನ್ ಹೆಂಗಸು ಹಾಸಿಗೆಯನ್ನೇ ನೋಡುತ್ತಾ, “ನನ್ನ ಕೇಳಬೇಡ ಮಗಳೇ, ಮೇಲಿಂದ ಹೇಳಿದಾರೆ,” ಎಂದಳು. ನೆಲಮಾಳಿಗೆಯ ಕೋಣೆಗೆ ಬೀಗ ಬಿತ್ತು. ಸಾನಿಯೆ ನಾಲ್ಕು ರಾತ್ರಿ ಮಿಂಕಾಳ ಮನೆಯಲ್ಲಿ, ಅವಳ ಮೂವರು ತಂಗಿಯರ ಕಾಲ ಹತ್ತಿರ ಮಲಗಿದಳು. ಬುಧವಾರದ ಬಸ್ಸಿಗೆ ಊರಿಗೆ ಹೊರಡುವುದೆಂದು ನಿಶ್ಚಯವಾಯಿತು.

ನಡುವೆ ಮಂಗಳವಾರವೊಂದಿತ್ತು.

ಆ ದಿನ ನಾನೂ ಝಿವ್ಕೋನೂ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಕಾಲೇಜಿನ ಅಂಗಳ ದಾಟಿದೆವು. ಎಲ್ಲಿಗೆ ಎಂದು ಕಾವಲಿನವನು ಕೇಳಿದ. “ಓದೋಕೆ,” ಎಂದ ಝಿವ್ಕೋ. ಎರಡನೇ ಮಹಡಿಯಲ್ಲಿ ಪೆಂಚೇವ್ ಮೇಷ್ಟ್ರ ಕೋಣೆಯ ಮುಂದಿನ ಓಣಿ ಕಿರಿದು. ಹಾಸಿಗೆ ಗೋಡೆಯಿಂದ ಗೋಡೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬೂಟು ಕಳಚಿ ಸಾಲಾಗಿಟ್ಟು ನಾವು ಒಂಬತ್ತು ಜನ ಅದರ ಮೇಲೆ ಒತ್ತೊತ್ತಾಗಿ ಕೂತೆವು. ಬೋರ್ಡಿರಲಿಲ್ಲ. ಸಾನಿಯೆ ಸೀಮೆಸುಣ್ಣ ತೆಗೆದುಕೊಂಡು ಮೇಷ್ಟ್ರ ಕಂದು ಬಾಗಿಲ ಮೇಲೆ ಗಿಡ ಬರೆಯತೊಡಗಿದಳು. ಅಡಿಯಿಂದ ಶುರುಮಾಡಿದಳು. ಅಂಚಿಗೆ ಕೈಯೂರಿದಲ್ಲಿ ಬೆರಳಿನ ಬಿಳಿ ಅಚ್ಚುಗಳು ಮೂಡಿದವು.

ಮೂರನೇ ಎಲೆಗೆ ಬಾಗಿಲು ಒಳಕ್ಕೆ ತೆರೆಯಿತು. ಮೇಷ್ಟ್ರು ಊಟಕ್ಕೆ ಹೊರಟಿದ್ದರು, ಕೋಟು ತೊಟ್ಟಿದ್ದರು.

“ಏನಿದು? ಏಳ್ರಿ! ದಾರಿ ಬಿಡಿ!”

ಸಾನಿಯೆ ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.

“ಯಾಕೆ ಮೇಷ್ಟ್ರೆ?” ಎಂದ ಝಿವ್ಕೋ.

ಮೇಷ್ಟ್ರು ನಮ್ಮನ್ನು ನೋಡಿದರು. ಹಾಸಿಗೆ ನೋಡಿದರು. ದಾಟಿಯೇ ಹೋಗುವವರಂತೆ ಬಲಗಾಲಿನ ಬೂಟು ಎತ್ತಿದರು. ಒಂಬತ್ತು ಜನರ ಮೊಣಕಾಲುಗಳ ನಡುವೆ ಅದನ್ನು ಎಲ್ಲಿಡುವುದೆಂದು ತಿಳಿಯದೆ, ಬಾಗಿಲ ಚೌಕಟ್ಟು ಹಿಡಿದು, ಒಂಟಿ ಕಾಲಿನಲ್ಲಿ ಹಾಗೇ ನಿಂತರು.