ಕಬ್ಬಿನ ಸಿಪ್ಪೆ ಹಾಸಿದ ಹೊಲ

ಮುಂಬಯಿಯ ವಡಾಲ ಸ್ಟೇಷನ್ನಿನಲ್ಲಿ ಇಳಿದು ಚಂದ್ರಾಮ ಎಂದರೆ ಸಾಕು, ಪ್ಲಾಟ್‌ಫಾರ್ಮಿನ ನಾಯಿಯೂ ಎದ್ದು ನನ್ನ ಮನೆಗೆ ದಾರಿ ತೋರಿಸುತ್ತದೆ. ಹಳಿ ರಿಪೇರಿಯಿಂದ ಬಂದ ಹೆಸರಲ್ಲ ಇದು; ರೇಲ್ವೆಯಲ್ಲಿ ಗ್ಯಾಂಗ್‌ಮನ್ನುಗಳು ಸಾವಿರಾರು. ಇದು ತಪ್ಪಲು ಪಲ್ಯದಿಂದ, ಅಂದರೆ ಸೊಪ್ಪಿನಿಂದ, ಬಂದದ್ದು.

ಎಪ್ಪತ್ತೊಂದರಲ್ಲಿ, ಕಾಯಿಪಲ್ಯ ಬೆಳೆಯಲು ರೇಲ್ವೆ ತನ್ನ ಆಳುಗಳಿಗೆ ಕೊಡುವ ಹಳಿಯ ಪಕ್ಕದ ಒಂದು ತುಂಡು ನೆಲ ನನ್ನ ಪಾಲಿಗೆ ಬಂತು. ನೆಲವಲ್ಲ, ಸಮುದ್ರ ಒಣಗಲು ಹಾಕಿ ಮರೆತುಹೋದ ಉಪ್ಪಿನ ಹಪ್ಪಳ. ನನಗಿಂತ ಮೊದಲು ಅದನ್ನು ಅಗೆದವನು ಗುದ್ದಲಿ ಮುರಿದುಕೊಂಡು ಊರಿಗೇ ಓಡಿಹೋದ. ದೀಪಾವಳಿಯೊಳಗೆ ಹಸಿರು ಕಾಣದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ನಮ್ಮ ಗ್ಯಾಂಗಿನ ಮುಖ್ಯಸ್ಥ, ಮುಕಾದಮ ಶೆಟ್ಟೆಪ್ಪ ಹೇಳಿಬಿಟ್ಟ. ಹೆಂಡತಿ ಕಾಶವ್ವ ಆಗಲೇ ಮಾಟುಂಗಾ ಮಾರ್ಕೆಟ್ಟಿನಲ್ಲಿ ಪಲ್ಯದ ಬುಟ್ಟಿ ಇಡಲು ಜಾಗ ಹಿಡಿದಿದ್ದಳು. ನೆಲ ಹೋದರೆ ಅದೂ ಹೋಯಿತು.

ನಾನು ಗುದ್ದಲಿ ಮುಟ್ಟಲಿಲ್ಲ. ಸ್ಟೇಷನ್ ಹೊರಗೆ ಕಬ್ಬಿನ ಹಾಲು ಮಾರುವವನು ಸಿಪ್ಪೆ ಒಟ್ಟುವ ಜಾಗದಲ್ಲಿ ಮಣ್ಣು ಬೆಣ್ಣೆಯಾಗಿತ್ತು. ಮುಂಬಯಿಯ ಅರ್ಧ ಜನ ಅದನ್ನು ತುಳಿದೇ ಹೋಗುತ್ತಿದ್ದರು. ಬಗ್ಗಿ ಮುಟ್ಟಿದವನು ನಾನೊಬ್ಬನೇ. ಮಳೆಗಾಲಕ್ಕೆ ಮುಂಚೆ ಆ ಸಿಪ್ಪೆಯನ್ನೆಲ್ಲ ಹೊತ್ತು ತಂದು ಮೊಣಕಾಲೆತ್ತರ ಹಾಸಿದೆ. ಮಳೆಗೆ ಉಪ್ಪು ತೊಳೆದುಹೋಯಿತು, ಸಿಪ್ಪೆ ಕೊಳೆಯಿತು, ಎರೆಹುಳ ಬಂದವು. ಒಂದೊಂದೂ ಹಾರ್ಬರ್ ಲೈನಿನ ಲೋಕಲ್ ರೈಲಿನಷ್ಟು ಉದ್ದ. ಗಣಪತಿ ಕಳಿಸಿದ ಮೇಲೆ ಅಲ್ಲಲ್ಲಿ ಸಿಪ್ಪೆ ಸರಿಸಿ, ಕೋಲಿನಿಂದ ಚುಚ್ಚಿ, ರಾಜಗಿರಿ, ಮೂಲಂಗಿ ಬೀಜ ಹಾಕಬೇಕು ಎನ್ನುವಷ್ಟರಲ್ಲಿ ವಿಜಾಪುರದಿಂದ ಮಾವ ಗದಿಗೆಪ್ಪ ಬಂದಿಳಿದರು.

ನಮ್ಮ ಕಡೆ ಹೊಲದಲ್ಲಿ ಕಸ ಬಿದ್ದಿದ್ದರೆ ಆ ಮನೆಯ ಗಂಡಸು ಸೋಮಾರಿ ಎಂದೇ ಲೆಕ್ಕ. ಅಳಿಯನ ಮಾನ ಉಳಿಸಲೆಂದು ಮಾವ, ನಾನು ಡ್ಯೂಟಿಗೆ ಹೋದ ಹೊತ್ತಿನಲ್ಲಿ, ಅರ್ಧ ನೆಲದ ಸಿಪ್ಪೆ ಬಳಿದು ಎಸೆದು, ಆಳವಾಗಿ ಅಗೆದು, ಅಂಗೈಯಂತೆ ನುಣ್ಣಗೆ ಮಾಡಿಟ್ಟಿದ್ದರು.

"ಮಗಳನ್ನ ತಿಪ್ಪಿ ಕಾಯಾಕ ಕೊಟ್ಟಿಲ್ಲ, ಅಳಿಯಂದ್ರ," ಎಂದರು. "ಉಳದದ್ದು ನಾಳೆ ಹರಗತೀನಿ."

"ಬ್ಯಾಡ್ರಿ ಮಾವಾರ. ನಿಮ್ಮ ಅರ್ಧ ನಿಮಗ, ನನ್ನ ಅರ್ಧ ನನಗ. ದೀಪಾವಳಿಗೆ ನೋಡೂಣು."

ಎರಡೂ ಕಡೆ ಒಂದೇ ದಿನ ಬೀಜ ಬಿತ್ತು. ಮೊದಲು ಮಾವನ ಕಡೆಯೇ ಮುಂದೆ. ನಾನು ಮೀಸೆ ತಿರುವುತ್ತಲೇ ಇದ್ದೆ. ಆಮೇಲೆ ಮಳೆ ನಿಂತು ಅಕ್ಟೋಬರಿನ ಬಿಸಿಲು ಹತ್ತಿತು. ಬರಿ ನೆಲದ ನೀರನ್ನು ಬಿಸಿಲು ಮೇಲಕ್ಕೆ ಎಳೆಯಿತು, ಅದರ ಬೆನ್ನಿಗೆ ಉಪ್ಪೂ ಬಂತು. ಮಾವನ ಸಸಿಗಳು ಸುಟ್ಟುಹೋದವು. ಆ ಉಪ್ಪಿನಲ್ಲಿ ಕೊಂಕಣದ ಮೀನನ್ನೆಲ್ಲ ಒಣಗಿಸಬಹುದಿತ್ತು. ನನ್ನ ಕಡೆ ಸಿಪ್ಪೆಯ ಕೆಳಗೆ ತೇವ ಹಾಗೇ ಕೂತಿತ್ತು. ರಾಜಗಿರಿ ಎಷ್ಟು ಬೆಳೆಯಿತೆಂದರೆ, ಸಿಗ್ನಲ್ ಕಾಣುತ್ತಿಲ್ಲವೆಂದು ಲೋಕಲ್ ಓಡಿಸುವವರು ದೂರು ಕೊಟ್ಟರು.

ದೀಪಾವಳಿಗೆ ಶೆಟ್ಟೆಪ್ಪ ಬಂದ. ಬೆಳ್ಳಗಿನ ಅರ್ಧ, ಹಸಿರು ಅರ್ಧ ನೋಡಿ, ಬೆಳ್ಳಗಿನದನ್ನು ಬಿಟ್ಟುಕೊಡು ಎಂದ. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು.

"ಅದನ್ನ ಕೆಡಿಸಿದಾಂವ ನಾ ಅದೀನ್ರಿ. ಮುಂದಿನ ಮಳಿಗಾಲದ ತನಕಾ ಬಿಡ್ರಿ. ನಾನ ಸಿಪ್ಪಿ ಹೊರತೀನಿ."

ಶೆಟ್ಟೆಪ್ಪ ಒಪ್ಪಿದ. ಕಾಶವ್ವ ಅವನಿಗೆ ಒಂದೇ ಒಂದು ಮೂಲಂಗಿ ಕೊಟ್ಟಳು. ಹೊತ್ತೊಯ್ಯಲು ಇಬ್ಬರು ಬೇಕಾಯಿತು.

ಮರುದಿನ ಮಾವ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತಿದ್ದರು. ಸಿಪ್ಪೆ ಬೇಗ ಬೀಳಲೆಂದು, ಲೋಕಲ್ ಇಳಿದು ಬಂದವರನ್ನೆಲ್ಲ ತೋಳು ಹಿಡಿದು ಎಳೆದು, ಇನ್ನೊಂದು ಗ್ಲಾಸ್ ಕುಡಿಯಿರಿ ಎಂದು ಅಚ್ಚ ವಿಜಾಪುರದ ಕನ್ನಡದಲ್ಲಿ ಒತ್ತಾಯ ಮಾಡುತ್ತಿದ್ದರು.