ಕರಡಿ, ಸಿಂಹ ಮತ್ತು ಹಟ್ಟಿಯ ಹಸು

ಎಮರ್ಜೆನ್ಸಿ ಬಂದ ಮರುವರ್ಷ ನಮ್ಮ ಅಂಗಡಿಯಲ್ಲಿ ದೇವರ ಪಟಗಳಿಗಿಂತ ಕರಡಿ ಪಟಗಳೇ ಜಾಸ್ತಿ ಖರ್ಚಾದವು. ನನ್ನ ಕೈಹಿಡಿದ ಯಜಮಾನರು ಮುರುಗಪ್ಪನವರು ಚಿತ್ರದುರ್ಗದಲ್ಲಿ ಪಟಗಳಿಗೆ ಕಟ್ಟು ಹಾಕುತ್ತಿದ್ದರು. ಚಿಕ್ಕಜಾಜೂರಿನಲ್ಲಿ ಹಳೇ ಬಂಗಲೆಯೊಂದನ್ನು ಖಾಲಿ ಮಾಡುವಾಗ ರದ್ದಿಗೆ ಬಿದ್ದಿದ್ದ ಇಂಗ್ಲಿಷ್ ಪತ್ರಿಕೆಗಳ ಹೊರೆಯೊಂದನ್ನು ತಂದರು. ಅದರೊಳಗಿನ ವ್ಯಂಗ್ಯಚಿತ್ರಗಳನ್ನು ಕತ್ತರಿಸಿ, ಗಾಜು ಹಾಕಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸಂತೆಗಳಿಗೆ ಒಯ್ದರು. ಟೋಪಿ ಹಾಕಿದ ಕರಡಿ, ಷರಾಯಿ ತೊಟ್ಟ ಸಿಂಹ, ಇಬ್ಬರ ನಡುವೆ ಹರಿದ ನಕಾಶೆ.

"ಕರಡಿ ಅಂದ್ರೆ ರಷ್ಯಾ, ಸಿಂಹ ಅಂದ್ರೆ ಇಂಗ್ಲೆಂಡು. ಕಂಡೋರ ಹೊಲಕ್ಕೆ ಇವೆರಡೂ ಕಚ್ಚಾಡ್ತಾವೆ" ಎಂದು ಯಜಮಾನರು ಹೇಳಿದರೆ, "ಹಂಗಾದ್ರೆ ನಮ್ಮ ದಾಯಾದಿಗಳೇ ಬಿಡ್ರಿ, ಕೊಡ್ರಿ ಒಂದು" ಎಂದು ಜನ ಕೊಂಡುಕೊಳ್ಳುತ್ತಿದ್ದರು.

ಅದರಲ್ಲಿ ಒಂದು ಚಿತ್ರ ಬೇರೆ ತರ ಇತ್ತು. ಕರಡಿ ಹಸುವಿನ ಬಾಲ ಹಿಡಿದು ಜಗ್ಗುತ್ತದೆ, ಸಿಂಹ ಕೊಂಬು ಹಿಡಿದಿದೆ, ಕರು ಪಕ್ಕದಲ್ಲಿ ಬಾಯಿ ತೆರೆದು ನಿಂತಿದೆ. ನಮ್ಮಜ್ಜನ ಕಾಲದಲ್ಲಿ ಯಾವುದೋ ದೂರದೇಶದ ಮೇಲೆ ಬರೆದದ್ದು. ಅದನ್ನು ಭರಮಸಾಗರದ ಆಚೆಯ ಗೊಲ್ಲರಹಟ್ಟಿಯ ಕಾಟಲಿಂಗಪ್ಪ ಕೊಂಡುಹೋಗಿದ್ದ.

ಒಂದು ಬೆಳಿಗ್ಗೆ ಹೊಳಲ್ಕೆರೆಯ ಟೀ ಅಂಗಡಿ ಪಾಲಯ್ಯ ಬೆವರುತ್ತಾ ಬಂದ. ಕೊಟ್ಟ ನೀರನ್ನೂ ಕುಡಿಯಲಿಲ್ಲ.

"ಮುರುಗಣ್ಣ, ರಷ್ಯಾದೋರು ಸರ್ಕಾರಕ್ಕೆ ಬೇಕಾದೋರು ಅಂತ ನನ್ನ ಕರಡಿ ಪಟ ಪೊಲೀಸರು ಇಳಿಸ್ಕಂಡು ಹೋದ್ರು. ಅಷ್ಟಕ್ಕೇ ಬಿಟ್ಟಿದ್ರೆ ಸರಿಹೋಗ್ತಿತ್ತು. ಯಾವನೋ ಗಿರಾಕಿ, ಹಸು-ಕರು ಎಳೆದಾಡೋದು ಇದಕ್ಕಿಂತ ಚೆಂದಾಗಿತ್ತು, ಹಟ್ಟಿಯೋರು ಒಯ್ದ್ರು ಅಂತ ಬಾಯಿ ಬಿಟ್ಟ. ಈಗ ಅದನ್ನ ಹುಡುಕ್ತಾ ಅವ್ರೆ. ಮಾರಿದೋನು ಯಾರು ಅಂತಾನೂ ಕೇಳ್ತಾ ಅವ್ರೆ."

ಹಸು-ಕರು ಆಗ ಆಳುವ ಪಕ್ಷದ ಓಟಿನ ಗುರುತು. ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ನಮ್ಮ ಬೀದಿಯ ಮೇಷ್ಟ್ರನ್ನು ಯಾವುದೋ ಕರಪತ್ರ ಹಂಚಿದರೆಂದು ಕರೆದೊಯ್ದಿದ್ದರು. ಅವರ ಹೆಂಡತಿ ಇನ್ನೂ ಎರಡು ಹೊತ್ತೂ ಅವರ ಪಾಲಿನ ಅನ್ನ ತೆಗೆದಿಡುತ್ತಿದ್ದಳು.

ಮಿಕ್ಕ ಕರಡಿಗಳನ್ನೆಲ್ಲ ಗಾಜಿನಿಂದ ಬಿಡಿಸಿ ಬಚ್ಚಲ ಒಲೆಗೆ ತುರುಕಿದೆ. ಯಜಮಾನರು ದೊಡ್ಡದೊಂದು ಲಕ್ಷ್ಮಿ ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಇಬ್ಬರೂ ಬಸ್ಸು ಹತ್ತಿದೆವು.  ಹಿಂದಿನ ಸೀಟಿನಲ್ಲಿ ಯಾರಾದರೂ ಕೆಮ್ಮಿದರೂ ಯಜಮಾನರು ಪಟವನ್ನು ಎದೆಗವಚಿಕೊಳ್ಳುತ್ತಿದ್ದರು.

ಹಟ್ಟಿಯ ಸುತ್ತ ಮುಳ್ಳುಬೇಲಿ. ಯಾರೇ ಆಗಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಕಾಟಲಿಂಗಪ್ಪ ಕುರಿ ಹೊಡಕೊಂಡು ಹೋಗಿದ್ದ. ಅವನ ತಾಯಿ ಯಲ್ಲಕ್ಕ ಕರು ಕಟ್ಟುವ ಗುಡ್ಲಿನ ಮುಂದೆ ಕೂತಿದ್ದಳು. ಪಟ ಅಲ್ಲೇ ಕಂಬದಲ್ಲಿತ್ತು. ಹಸುವಿನ ಹಣೆಯ ಮೇಲೆ ಕುಂಕುಮ. ಕರಡಿಗೂ ಸಿಂಹಕ್ಕೂ ಕಣ್ಣು ಕಾಣದಂತೆ ಗಾಜಿಗೆ ಮಸಿ ಮೆತ್ತಿತ್ತು.

"ಯಲ್ಲಕ್ಕ, ಆ ಪಟ ಕೊಡ್ರಿ. ಬದ್ಲಿಗೆ ಲಕ್ಷ್ಮಿ ತಂದೀನಿ."

"ಯಾಕಪ್ಪ?"

"ಅದು ದೇವರಲ್ಲ ಕಣವ್ವ. ಬಿಳೇ ಜನ ನಗಾಡಾಕೆ ಬರೆದಿದ್ದು."

"ನಗಾಡ್ಲಿ. ಎರಡು ಕಾಡುಮೃಗ ಹಿಡ್ಕಂಡು ಜಗ್ಗಿದ್ರೂ ಹಸ ಬಿದ್ದಿಲ್ಲ, ನೋಡು. ಇದು ದೇವರ ಹಸನೇ. ನಮ್ಮ ಕೆಂದಿ ಕರ ಹಾಕ್ದಾಗ ಮೊದಲ್ನೇ ಹಾಲು ಇದಕ್ಕೇ ಮೀಸಲು ಇಟ್ಟೀವಿ. ಮೀಸಲು ಉಂಡ ಪಟ ಬೇಲಿ ದಾಟಂಗಿಲ್ಲ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಯಲ್ಲಕ್ಕ, ಅದು ಇಲ್ಲಿ ಇದ್ರೆ ಇವರನ್ನ ಎಳಕಂಡು ಹೋಗ್ತಾರೆ. ಮತ್ತೆ ಬರ್ತಾರೋ ಇಲ್ಲೋ ಗೊತ್ತಿಲ್ಲ."

ಅವಳು ಯಜಮಾನರ ಮುಖ ನೋಡಿದಳು. ಅಷ್ಟರಲ್ಲಿ ಬೇಲಿಯಾಚೆ ಸೈಕಲ್ ಗಂಟೆ ಕೇಳಿಸಿತು.

ಪೊಲೀಸಿನವನು ಒಬ್ಬನೇ ಬಂದಿದ್ದ. ಬೂಟಿನ ಕಾಲನ್ನು ಒಳಗಿಡುವುದರಲ್ಲಿದ್ದ. ಯಲ್ಲಕ್ಕ ಕೂತಲ್ಲಿಂದಲೇ, "ಸಾಮಿ, ಬೂಟು" ಎಂದಳು. ಅವನು ನಿಂತ. ಅಲ್ಲಲ್ಲಿ ಹೆಂಗಸರು ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದರು. ಬಗ್ಗಿ ಬೂಟು ಬಿಚ್ಚಿದ. ಬರಿಗಾಲಲ್ಲಿ ಬಂದವನ ಸದ್ದೇ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು.

"ಇವರಿಬ್ರು ಯಾರು?"

"ಟಗರು ಕೇಳಾಕೆ ಬಂದಾರೆ" ಎಂದಳು ಯಲ್ಲಕ್ಕ ತಟ್ಟನೆ.

ಅವನು ಯಜಮಾನರ ಹಣೆಯ ವಿಭೂತಿ ನೋಡಿದ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನೂ ನೋಡಿದ. "ಲಿಂಗಾಯತರು ಯಾವಾಗಿಂದ ಟಗರು ತಿನ್ನಾಕೆ ಹತ್ತಿದ್ರಪ್ಪ?"

ಯಜಮಾನರು ಬಟ್ಟೆ ಸುತ್ತಿದ ಲಕ್ಷ್ಮಿಯನ್ನು ಕಂಕುಳಿಗೆ ಒತ್ತಿಕೊಂಡರು.

"ತಿನ್ನಾಕಲ್ಲ ಸಾಮಿ, ಸಾಕಾಕೆ" ಎಂದೆ. 

ಅವನು ಪಟದ ಹತ್ತಿರ ಹೋದ. "ಇದನ್ನ ಕೊಟ್ಟೋನು ಯಾರಜ್ಜಿ?"

"ಸಂತೇಲಿ ಸಿಕ್ತು. ಗುಡ್ಲಾಗೆ ಬಂದ ದೇವರನ್ನ ಯಾವ ಅಂಗಡಿಯಿಂದ ಬಂದಿ ಅಂತ ಕೇಳ್ತಾರೇನು?"

ಅವನು ಪಟಕ್ಕೆ ಕೈ ಚಾಚಿದ. "ಇಳಿಸ್ಕಂಡು ಹೋಗ್ಬೇಕಾಗ್ತದೆ."

"ಇಳಿಸು. ಮೀಸಲು ಉಂಡೈತೆ. ಆಮೇಲೆ ನಿನ್ನ ಮನೆ ದನಕ್ಕೆ ಏನಾರ ಆದ್ರೆ ನನ್ನ ಕೇಳಬ್ಯಾಡ."

ಅವನ ಮನೆಯಲ್ಲೂ ದನ ಇದ್ದವೇನೋ. ಕೈ ಅಲ್ಲೇ ನಿಂತಿತು. ಮಸಿ ಮೆತ್ತಿದ ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದೇ ಕೈಯನ್ನು ಕಣ್ಣಿಗೊತ್ತಿಕೊಂಡು ಹಿಂದೆ ತಿರುಗಿದ.

ನಾವೂ ಹೊರಟೆವು. ನಿಂತರೆ ಅನುಮಾನ. ಬೇಲಿ ಬಾಗಿಲಲ್ಲಿ ಅವನು ಕೂತು ಬೂಟಿನ ದಾರ ಕಟ್ಟುತ್ತಿದ್ದ. ದಾಟಲು ಜಾಗವಿಲ್ಲದೆ ಅವನ ಬೆನ್ನ ಹಿಂದೆಯೇ ನಿಂತೆವು. ಯಜಮಾನರ ಉಗುರಿನಲ್ಲಿ ಗೋಂದು ಒಣಗಿತ್ತು. ಕಂಕುಳಲ್ಲಿದ್ದ ಬಟ್ಟೆ ಜಾರಿ ಲಕ್ಷ್ಮಿಯ ಹೊಸ ಕಟ್ಟು ಹೊಳೆಯುತ್ತಿತ್ತು.

ಅವನು ತಲೆಯೆತ್ತಲಿಲ್ಲ. "ಟಗರು ಕೊಳ್ಳೋಕೆ ಬಂದೋರು ಲಕ್ಷ್ಮೀನ ಯಾಕಪ್ಪ ಕರ್ಕಂಡು ಬಂದಿದೀರಿ?"

ಯಜಮಾನರು ಜಾರಿದ ಬಟ್ಟೆಯನ್ನು ಪಟದ ಮೇಲಕ್ಕೆಳೆದರು.

"ಇಂಥದ್ದು ಇನ್ನೊಂದು ಎಲ್ಲಾದ್ರೂ ಐತಾ?"

"ಇಲ್ಲ ಸಾಮಿ" ಎಂದರು ಯಜಮಾನರು.

"ಇರಬಾರ್ದು. ನಾನು ದೇವರ ಪಟ ನೋಡ್ದೆ ಅಂತ ಬರೀತೀನಿ. ಮುಂದೆ ಬರೋನು ಏನು ನೋಡ್ತಾನೋ ನಂಗೊತ್ತಿಲ್ಲ."

ಸೈಕಲ್ ಏರಿ ಹೋದ. ದೂಳು ಅಡಗುವವರೆಗೂ ನಿಂತಿದ್ದೆವು. ಯಜಮಾನರು ಚಪ್ಪಲಿಗೆ ಕಾಲು ತೂರಿಸಲು ಹೋದರು. ಎಷ್ಟು ಸಲ ತೂರಿಸಿದರೂ ಹೆಬ್ಬೆರಳು ಚಪ್ಪಲಿಯ ಉಂಗುಟಕ್ಕೆ ಸಿಗಲಿಲ್ಲ. ಕೊನೆಗೆ ನಾನೇ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ನಿಲ್ಲುವ ಕಡೆಗೆ, ಕಾದ ರಸ್ತೆಯ ಮೇಲೆ, ಅವರು ಬರಿಗಾಲಲ್ಲೇ ನಡೆದರು.