ಅನು ಕೇಳಿದ್ದ ಅಂಗಡಿ ಬ್ರೆಡ್

"ಈಸ್ಟೂ ಬೇಡ, ಹಾಲೂ ಬೇಡ ಅಂದ್ಮೇಲೆ ಅದನ್ನ ಬ್ರೆಡ್ಡು ಅಂತ ಯಾಕೆ ಕರೀಬೇಕು ಮೇಡಂ, ಇಟ್ಟಿಗೆ ಅಂದ್ಬಿಟ್ರೆ ಆಯ್ತಲ್ಲ," ಎಂದರು ಬೇಕರಿಯ ಜಗನ್ನಾಥ, ಖಾರಾ ಬನ್ನಿನ ಟ್ರೇಯನ್ನು ಗಾಜಿನ ಪೆಟ್ಟಿಗೆಯೊಳಗೆ ತಳ್ಳುತ್ತಾ.

ಬಾಗಿಲಲ್ಲಿ ಟೀ ಹೀರುತ್ತಿದ್ದ ಡೆಲಿವರಿ ಹುಡುಗರಿಬ್ಬರಲ್ಲಿ ಒಬ್ಬ, "ನಮ್ಮ ಪಿಜಿ ಚಪಾತಿ ಕೊಡ್ಸು ಗುರು, ಅದ್ರಲ್ಲೂ ಏನೂ ಇರಲ್ಲ," ಎಂದು ಇನ್ನೊಬ್ಬನ ಬೆನ್ನಿಗೆ ಗುದ್ದಿದ. ಎಲ್ಲರೂ ನಕ್ಕರು. ರಮ್ಯಶ್ರೀಯೂ ನಕ್ಕಳು. ನಗುವವರ ನಡುವೆ ಮುಖ ಬಿಗಿದುಕೊಂಡು ನಿಲ್ಲುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ, ಅವಳಲ್ಲಿ ಅದು ಉಳಿದಿರಲಿಲ್ಲ.

ಆರ್‌ಪಿಸಿ ಲೇಔಟಿನ ಈ ಅಂಗಡಿಗೆ ಬರುವ ಹೊತ್ತಿಗೆ ಅವಳ ಸ್ಕೂಟರ್ ಬೆಳಗಿನಿಂದ ವಿಜಯನಗರವನ್ನೆಲ್ಲ ಸುತ್ತಿತ್ತು. ಒಂದು ಕಡೆ "ಎಗ್‌ಲೆಸ್ ಇದೆ ಮೇಡಂ" ಎಂದು ಕೇಕು ತೋರಿಸಿದ್ದರು. ಮೊಟ್ಟೆಯಲ್ಲ, ಹಾಲು ಆಗುವುದಿಲ್ಲ ಎಂದರೆ, ಹಾಲು ಪ್ಯೂರ್ ವೆಜ್ಜೇ ಅಲ್ಲವೇ ಎಂದು ಅವರೇ ಮುನಿಸಿಕೊಂಡಿದ್ದರು. ಮತ್ತೊಂದು ಕಡೆ ರಸ್ಕ್ ಮುಂದಿಟ್ಟು, ಎರಡು ಸಲ ಬೆಂದದ್ದರಲ್ಲಿ ಈಸ್ಟ್ ಎಲ್ಲಿ ಬದುಕಿರುತ್ತದೆ ಎಂದು ವಾದಕ್ಕೇ ನಿಂತಿದ್ದರು.

ಜಗನ್ನಾಥ ಹಾಗಲ್ಲ. ತಮಾಷೆ ಮಾಡಿದರೂ ಕಿವಿ ಕೊಡುವ ಮನುಷ್ಯ. ಸೋಡಾಕ್ಕೆ ನಿಂಬೆಹುಳಿ ಬಿದ್ದರೆ ಹಿಟ್ಟು ಉಬ್ಬುತ್ತದೆ, ಹಾಲಿನ ಬದಲು ತೆಂಗಿನಹಾಲು, ಬೆಣ್ಣೆಯ ಬದಲು ಎಣ್ಣೆ ಎಂದು ಅವಳು ಹೇಳುತ್ತಾ ಹೋದಂತೆ ಅವರ ತಲೆ ತಾನಾಗಿ ಆಡತೊಡಗಿತು. ಆಗುತ್ತೆ, ಒಲೆ ಸ್ವಲ್ಪ ಜೋರಿಡಬೇಕು, ನಾದಬಾರದು, ಕಲಸಿದ ಕೂಡಲೇ ಒಳಗೆ ಹೋಗಬೇಕು ಎಂದು ತಾವೇ ಲೆಕ್ಕ ಹಾಕಿದರು. ಮನೆಯಲ್ಲೇ ಮಾಡಬಹುದಲ್ಲ ಎಂದೂ ಕೇಳಿದರು. ಮಾಡುತ್ತಿದ್ದೆ, ಕುಕ್ಕರಿನಲ್ಲಿ ಉಪ್ಪು ಹಾಸಿ ಬೇಯಿಸುತ್ತಿದ್ದೆ, ಆದರೆ ಇದು ಅಂಗಡಿಯಲ್ಲೇ ಆಗಬೇಕು ಎಂದಳು. ಯಾರಿಗೆ ಎಂದರು. ಮಗಳಿಗೆ ಎಂದಳು.

ಅಷ್ಟಕ್ಕೇ ಅವರ ಕೈ ನಿಂತಿತು.

"ಮಗೂಗಾದ್ರೆ ನಾನು ಮಾಡಲ್ಲ ತಾಯಿ. ಬೇಜಾರ್ ಮಾಡ್ಕೋಬೇಡಿ."

ತಮ್ಮ ತಂಗಿಯ ಮೊಮ್ಮಗನಿಗೂ ಹೀಗೇ ಇತ್ತಂತೆ. ಮದುವೆ ಮನೆಯಲ್ಲಿ ಯಾರೋ ಮುದ್ದಿಗೆ ಬಾಯಿಗಿಟ್ಟ ಒಂದು ಚೂರು ಪೇಡಕ್ಕೆ ತುಟಿ ಊದಿ, ಉಸಿರು ಸಿಕ್ಕಿಕೊಂಡು, ಆಟೋದಲ್ಲಿ ಎತ್ತಿಕೊಂಡು ಓಡಿದ್ದರಂತೆ. ಇಲ್ಲಿ ಮೇಜಿನ ಸಂದಿಯಲ್ಲೂ ಹಾಲಿನ ಪುಡಿ, ತಮ್ಮ ಉಗುರಿನಲ್ಲೂ ಈಸ್ಟು. ಏನಾದರೂ ಹೆಚ್ಚುಕಮ್ಮಿಯಾದರೆ ತಾವು ಆಮೇಲೆ ಅನ್ನ ತಿನ್ನುವುದು ಹೇಗೆ ಎಂದರು ಜಗನ್ನಾಥ.

ಇಷ್ಟು ವರ್ಷ ಊರೆಲ್ಲ ಹುಡುಕಿದರೂ ಇಂಥ ಒಬ್ಬ ಬೇಕರಿಯವನು ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದರು.

ಮಗಳು ಅನುವಿಗೆ ಹಾಲು ಮುಟ್ಟಿದರೆ ಬಾಯಿ ಊದುತ್ತಿತ್ತು, ಈಸ್ಟ್ ಹಾಕಿದ್ದು ತಿಂದರೆ ಮೈಯೆಲ್ಲ ದದ್ದು. ಹಾಗಾಗಿ ಶ್ರೀಗಂಧದ ಕಾವಲಿನ ಅವರ ಮನೆಯ ಹೊಸ್ತಿಲು ದಾಟಿ ಹಾಲು, ಮೊಸರು, ತುಪ್ಪ ಒಳಗೆ ಬರುತ್ತಿರಲಿಲ್ಲ. ಹಿಂದೆ ಹಟ್ಟಿ ತುಂಬ ದನ ಕಟ್ಟಿದ್ದ ಮನೆತನ, ಆದರೂ ಅತ್ತೆ ಮುನಿತಾಯಮ್ಮ ಮೊಮ್ಮಗಳಿಗಾಗಿ ಕರಿ ಕಾಫಿಗೆ ಒಗ್ಗಿಕೊಂಡಿದ್ದರು. ಸ್ಕೂಲಿನಲ್ಲಿ ಯಾರದೇ ಹುಟ್ಟುಹಬ್ಬವಾದರೂ ರಮ್ಯಶ್ರೀಯ ಬ್ರೆಡ್ಡು ಡಬ್ಬಿಯಲ್ಲಿ ಹೋಗುತ್ತಿತ್ತು. ಅದಕ್ಕೆ ಹುಡುಗಿ ಇಟ್ಟ ಹೆಸರು ದಪ್ಪ ಚಪಾತಿ. "ನಂಗೆ ಅಂಗಡೀದು ಬೇಕು ಕಣಮ್ಮ. ಕವರಲ್ಲಿ ಇರುತ್ತಲ್ಲ, ಅಂಥದ್ದು." ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದನ್ನೇ ಅಂದಿದ್ದಳು. ಹುಷಾರಾಗಿ ಮನೆಗೆ ಬಾ, ಅಂಗಡಿಯಲ್ಲೇ ಮಾಡಿಸಿಕೊಡ್ತೀನಿ ಎಂದು ಅಮ್ಮ ಮಾತು ಕೊಟ್ಟಿದ್ದಳು. ಹುಷಾರಾಗಲಿಲ್ಲ. ಡೆಂಗ್ಯೂ. ಹಾಲನ್ನು ಹೊಸ್ತಿಲಾಚೆಯೇ ತಡೆದ ತಾಯಿಗೆ ಸೊಳ್ಳೆ ಒಳಗೆ ಬಂದದ್ದು ತಿಳಿಯಲಿಲ್ಲ.

ಅದಾಗಿ ವರ್ಷ ತುಂಬಿತ್ತು. ನಾಳೆ ಮಹಾಲಯ ಅಮಾವಾಸ್ಯೆ, ಮನೆಯ ಹಿರಿಯರಿಗೆಲ್ಲ ಎಡೆ ಇಡುವ ದಿನ. ಹೋದವರು ಬಂದು ಉಣ್ಣುತ್ತಾರೆ ಎಂದು ಅವರವರಿಗೆ ಇಷ್ಟವಾದದ್ದನ್ನೇ ಎಲೆಗೆ ಬಡಿಸುತ್ತಾರೆ. ತಾತನಿಗೆ ಬಾಡಿನ ಸಾರು, ಬೀಡಿ. ದೊಡ್ಡಜ್ಜಿಗೆ ಎಲೆ ಅಡಿಕೆ. "ವರ್ಷ ಕಳೀತು, ಈ ಸಲ ಮಗೀಗೂ ಒಂದು ಎಲೆ ಹಾಕುವ," ಎಂದಿದ್ದರು ಮುನಿತಾಯಮ್ಮ. ಗಂಡ ಮೋಹನ್ ಕುಮಾರ್, ಅವನೇನು ಕೆಟ್ಟವನಲ್ಲ, ಮಗಳ ಮೇಲೆ ಜೀವವನ್ನೇ ಇಟ್ಟಿದ್ದವನು, ಅವನ ಬಾಯಿಂದ ಬಂತು: "ಈಗಾದ್ರೂ ಒಂದು ಬೆಣ್ಣೆ ಬನ್ನು ತಿನ್ಲಿ ಬಿಡೇ, ಪಾಪ. ಇನ್ನೇನಾಗುತ್ತೆ ಅವಳಿಗೆ?" ರಮ್ಯಶ್ರೀ ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದಳು. ಅವನ ಮಾತು ಸುಳ್ಳೆಂದಲ್ಲ. ಬೆಣ್ಣೆ ಬನ್ನನ್ನು ಎಲೆಯ ಮೇಲಿಡಲು ಅವಳ ಕೈ ಬಾರದು, ಅಷ್ಟೇ.

ಇನ್ನೊಂದು ಸಂಗತಿಯೂ ಇತ್ತು. ಮಗಳು ಹೋದಳೆಂಬ ಮಾತನ್ನು ಅವಳು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ತರಕಾರಿಯವಳಿಗೆ, ಸ್ಕೂಲಿನ ಮಿಸ್ಸಿಗೆ, ದೂರದ ನೆಂಟರಿಗೆ, ಎಲ್ಲರಿಗೂ ಮನೆಯವರು ಯಾರಾದರೂ ಹೇಳಿ ಮುಗಿಸಿದ್ದರು. ಮಕ್ಕಳೆಷ್ಟು ಎಂದು ಹೊಸಬರು ಕೇಳಿದರೆ ಒಬ್ಬಳೇ ಮಗಳು ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದಳು. ಈ ಬೇಕರಿಯಲ್ಲಿ ಅವಳ ಪರವಾಗಿ ಹೇಳುವವರು ಯಾರೂ ಇರಲಿಲ್ಲ. ಹೇಳದಿದ್ದರೆ ಬ್ರೆಡ್ಡು ಸಿಗುವುದಿಲ್ಲ. ಸ್ಕೂಟರಿನ ಕೀ ಹಿಡಿದುಕೊಂಡು ಅವಳು ಹಾಗೇ ನಿಂತಳು.

ಅವಳ ಮುಖ ನೋಡಿ ಜಗನ್ನಾಥರಿಗೆ ಕನಿಕರವಾಯಿತು. ಸಮಾಧಾನ ಹೇಳಿದರು. "ಯೋಚ್ನೆ ಮಾಡ್ಬೇಡಿ, ದೊಡ್ಡೋಳಾಗ್ತಾ ಆಗ್ತಾ ಎಲ್ಲ ಸರಿಹೋಗುತ್ತೆ. ಎಷ್ಟು ವರ್ಷ ಈಗ?"

"ಒಂಬತ್ತು," ಎಂದಳು. ಗಾಜಿನ ಹಿಂದಿನ ದಿಲ್‌ಪಸಂದಿನ ತಟ್ಟೆಯನ್ನು ನೋಡಿದಳು. "ಒಂಬತ್ತೇ ಅಣ್ಣ. ಇನ್ನು ದೊಡ್ಡೋಳಾಗಲ್ಲ. ನಾಳೆ ಎಡೆಗೆ ಇಡೋಕೆ ಕೇಳ್ತಾ ಇದೀನಿ."

ಚಪಾತಿ ತಮಾಷೆ ಮಾಡಿದ್ದ ಹುಡುಗ ಲೋಟವನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟ. ಜಗನ್ನಾಥ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಅವಳ ಪಕ್ಕಕ್ಕಿಟ್ಟು, ಭಟ್ಟಿಯ ಕೋಣೆಗೆ ಹೋದರು.

ಬಾಗಿಲು ತೆರೆದೇ ಇತ್ತು, ಅವಳಿಗೆ ಎಲ್ಲ ಕಾಣುತ್ತಿತ್ತು. ಕುದಿಯುವ ನೀರು ಸುರಿದು ಮೇಜನ್ನು ಉಜ್ಜಿದರು. ಬ್ರೆಡ್ಡಿನ ಅಚ್ಚನ್ನು ಸೋಪು ಹಾಕಿ ತಿಕ್ಕಿದರು. ಮೈದಾದ ಹೊಸ ಮೂಟೆ ಬಿಚ್ಚಿದರು. ಮೊಣಕೈವರೆಗೆ ಕೈ ತೊಳೆದು, ಉಗುರುಸಂದಿಗೆ ಕಡ್ಡಿ ಹಾಕಿ ಕೆರೆದು, ಮತ್ತೊಮ್ಮೆ ತೊಳೆದರು. ಇದೆಲ್ಲ ಈಗ ಬೇಕಿಲ್ಲ ಅಣ್ಣ ಎಂದು ಅವಳು ಕುಳಿತಲ್ಲಿಂದಲೇ ಹೇಳಿದಳು. ಕೇಳಿಸಿತೋ ಇಲ್ಲವೋ, ಅವರು ಕೈ ಒರೆಸಿಕೊಳ್ಳಲು ಒಗೆದ ಬಟ್ಟೆ ಹುಡುಕುತ್ತಿದ್ದರು. ನಿಂಬೆಹುಳಿ ಎಷ್ಟು ಹಾಕಬೇಕೆಂದು ಮಾತ್ರ ಅವಳನ್ನು ಒಳಗೆ ಕರೆದು ಕೇಳಿದರು.

ಬ್ರೆಡ್ಡು ಹೊರಗೆ ಬಂದಾಗ ಪಕ್ಕದವುಗಳ ಅರ್ಧ ಎತ್ತರವೂ ಇರಲಿಲ್ಲ. ನೆತ್ತಿ ಬಿರಿದು, ಬಣ್ಣ ಬೆಲ್ಲದಂತಾಗಿತ್ತು. ಆದರೆ ನಾಲ್ಕೂ ಮೂಲೆ ಸರಿಯಾಗಿ ಅಂಗಡಿಯದರಂತೇ ಇದ್ದವು. ಅದು ಆರುವವರೆಗೆ ಇಬ್ಬರೂ ಕಾದರು. ಮಗುವಿನ ಹೆಸರೇನೆಂದು ಅವರು ಕೇಳಿದರು, ಇವಳು ಹೇಳಿದಳು.

"ಚಾಕುವಲ್ಲಿ ಕುಯ್ಕೊಡ್ಲಾ?" ಎಂದರು. "ಮಿಷನ್ನಿದೆ. ಆದ್ರೆ ಅದ್ರಲ್ಲಿ ಬೇರೆ ಬ್ರೆಡ್ಡಿನ ಚೂರು ಇದ್ದೇ ಇರುತ್ತೆ, ಎಷ್ಟು ಒರೆಸಿದ್ರೂ ಹೋಗಲ್ಲ."

ರಮ್ಯಶ್ರೀ ಮಿಷನ್ನಿನ ಕಡೆ ನೋಡಿದಳು.

"ಅಂಗಡಿ ಬ್ರೆಡ್ಡು ಮಿಷನ್ನಲ್ಲೇ ಅಲ್ವಾ ಅಣ್ಣ ಕುಯ್ಯೋದು? ಮಿಷನ್ನಿಗೇ ಹಾಕಿ."

ಮಿಷನ್ನು ಗಡಗಡ ಎಂದು ನಡುಗಿ ನಿಂತಿತು. ಹೋಳುಗಳು ಒಂದೇ ಅಳತೆಯಲ್ಲಿ ಒಂದಕ್ಕೊಂದು ಒರಗಿದವು. ಜಗನ್ನಾಥ ಕವರಿನ ಬಾಯಿ ಅಗಲಿಸಿದರು. ಅಷ್ಟರಲ್ಲಿ ಅವಳಿಗೆ ಮೇಲಿನ ಹೋಳಿನ ಕಂದು ಮೈಗೆ ಅಂಟಿದ ಬಿಳಿ ಚೂರು ಕಂಡಿತು, ಹಾಲಿನ ಬ್ರೆಡ್ಡಿನದು. ಕೈ ಅಡ್ಡ ಇಟ್ಟು ತಡೆದಳು. ಉಗುರಿನ ತುದಿಯಿಂದ ಅದನ್ನು ಎತ್ತಿ ಸೆರಗಿಗೆ ಒರೆಸಿದಳು. ಹೋಳನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ ಕವರಿಗೆ ಇಳಿಸಿ, ಮುಂದಿನದನ್ನು ಎತ್ತಿಕೊಂಡಳು. ಸಂಜೆಯ ಗಿರಾಕಿಗಳು ಬಂದು ಸಾಲುಗಟ್ಟಿದರು. ಜಗನ್ನಾಥ ಕವರನ್ನು ಹಾಗೇ ಅಗಲಿಸಿ ಹಿಡಿದುಕೊಂಡು ನಿಂತಿದ್ದರು.